ಓರಲ್ ಸರ್ಜರಿ ಎಂಡಿಎಸ್: ಸೀಟಿನ ಲೆಕ್ಕ ಮತ್ತು ಡ್ರಿಲ್ ಹಿಡಿಯುವ ಕೈ

ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆಯಾದ ನೀಟ್ ಎಂಡಿಎಸ್ ಫಲಿತಾಂಶ ಬಂದಾಗಲೆಲ್ಲ ದಾವಣಗೆರೆಯ ಡೆಂಟಲ್ ಕಾಲೇಜುಗಳ ಸುತ್ತಮುತ್ತ ಮಾತು ಒಂದೇ: ಯಾವ ರ‍್ಯಾಂಕಿಗೆ ಯಾವ ವಿಭಾಗ ಸಿಗುತ್ತದೆ, ಯಾವ ಕೋಟಾ, ಎಷ್ಟು ಶುಲ್ಕ. ಓರಲ್ ಸರ್ಜರಿ, ಅಂದರೆ ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಸೀಟನ್ನು ಹಂಚುವ ಬಗೆ ಇಷ್ಟು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ, ಅದರ ಬಗ್ಗೆ ಚರ್ಚೆಯೂ ಸಾಕಷ್ಟು ನಡೆದಿದೆ. ಸೀಟು ಸಿಕ್ಕಿದ ಮೇಲಿನ 3 ವರ್ಷಗಳಲ್ಲಿ ಕೈಗೆ ಏನು ಹತ್ತುತ್ತದೆ ಎಂಬುದೂ ಅಷ್ಟೇ ಬದಲಾಗಿದೆ. ಅದರ ಬಗ್ಗೆ ಮಾತು ಕಡಿಮೆ.

ಹಿಂದಿನ ಕಥೆ ಬೇಗ ಮುಗಿಯುತ್ತದೆ. 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜು, 1948ರಲ್ಲಿ ದಂತವೈದ್ಯರ ಕಾಯ್ದೆ, 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, 1965ರಲ್ಲಿ ಮಣಿಪಾಲ, 1979ರಲ್ಲಿ ದಾವಣಗೆರೆಯ ಬಾಪೂಜಿ, 1991ರಲ್ಲಿ ಅದೇ ಊರಿನಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಚಿತ್ರದುರ್ಗದಲ್ಲಿ ಎಸ್‌ಜೆಎಂ ಕಾಲೇಜು ಇದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ, ಮಣಿಪಾಲದಂಥ ಡೀಮ್ಡ್ (ತಾವೇ ಪದವಿ ಕೊಡುವ) ಸಂಸ್ಥೆಗಳನ್ನು ಬಿಟ್ಟು ಉಳಿದ ಕಾಲೇಜುಗಳ ಪಠ್ಯ, ಪರೀಕ್ಷೆಗಳೆಲ್ಲ ಅದರ ಕೆಳಗೆ ಸೇರಿದವು.

ಪ್ರವೇಶದ ಗೋಜಲಿಗೆ ಸುಪ್ರೀಂ ಕೋರ್ಟಿನ ತೀರ್ಪುಗಳ ಸಾಲೇ ಇದೆ: 1993ರ ಉನ್ನಿಕೃಷ್ಣನ್, 2002ರ ಟಿ.ಎಂ.ಎ. ಪೈ, 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಮದಾರ್. ಒಂದೊಂದು ತೀರ್ಪಿನ ಬೆನ್ನಿಗೂ ಖಾಸಗಿ ಕಾಲೇಜುಗಳ ಸೀಟು ಹಂಚಿಕೆಯ ನಿಯಮ ಹೊರಳಿತು. ಸರ್ಕಾರಿ ಸೀಟಿಗೆ ಒಂದು ಪರೀಕ್ಷೆ, ಖಾಸಗಿ ಸೀಟಿಗೆ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆಯ ಪರೀಕ್ಷೆ, ಅಖಿಲ ಭಾರತ ಕೋಟಾಕ್ಕೆ ಇನ್ನೊಂದು, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಅವರವರದೇ. ಒಬ್ಬ ಬಿಡಿಎಸ್ ಪದವೀಧರ ಒಂದೇ ವರ್ಷ ನಾಲ್ಕೈದು ಊರು ತಿರುಗಿ ಪರೀಕ್ಷೆ ಬರೆಯಬೇಕಿತ್ತು. 2017ರ ಪ್ರವೇಶದಿಂದ ನೀಟ್ ಎಂಡಿಎಸ್ ಅದನ್ನೆಲ್ಲ ಒಂದಾಗಿಸಿತು. ಮಕ್ಕಳ ಅಲೆದಾಟ ತಪ್ಪಿದ್ದು ದೊಡ್ಡ ಉಪಕಾರ. ಆದರೆ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಲ್ಲಿ ಕೈಯ ಹದ ಗೊತ್ತಾಗುವುದಿಲ್ಲ. ಅದಕ್ಕೆ 3 ವರ್ಷದ ತರಬೇತಿಯೇ ಬೇಕು.

ಆ ತರಬೇತಿಯ ಸ್ವರೂಪ ತಿರುಗಿದ್ದು ಮುರಿದ ದವಡೆಯನ್ನು ತಂತಿಯಿಂದ ಕಟ್ಟುವ ಕಾಲ ಮುಗಿದು, ಮೂಳೆಗೆ ಲೋಹದ ಪ್ಲೇಟು ಕೂರಿಸುವ ಕಾಲ ಬಂದಾಗ. ಪುಣೆ-ಬೆಂಗಳೂರು ಹೆದ್ದಾರಿ ದಾವಣಗೆರೆ, ಚಿತ್ರದುರ್ಗ ಎರಡನ್ನೂ ಹಾದು ಹೋಗುವುದರಿಂದ ಇಲ್ಲಿನ ಕ್ಯಾಶುಯಾಲ್ಟಿಗಳಿಗೆ ದವಡೆ ಮುರಿದವರು ಬರುವುದು ಹೊಸದಲ್ಲ. ಬೈಕಿನಿಂದ ಗದ್ದ ಊರಿ ಬಿದ್ದರೆ ಕೆಳದವಡೆಯ ಮುಂಭಾಗವೂ ಕಿವಿಯ ಮುಂದಿನ ಕೀಲೂ ಒಟ್ಟಿಗೇ ಮುರಿಯುವುದು ಸಾಮಾನ್ಯ. ಗದ್ದದ ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿಬಿಟ್ಟರೆ ಕೀಲಿನ ಮುರಿತ ತಪ್ಪಿಹೋಗುತ್ತದೆ. ಮಕ್ಕಳಲ್ಲಿ ಹೀಗಾದರೆ ಕೆಲ ವರ್ಷಗಳಲ್ಲಿ ಕೀಲು ಬೆಸೆದುಕೊಂಡು ಬಾಯಿಯೇ ತೆರೆಯದಂತಾಗಬಹುದು.

ತಂತಿಯ ಕಾಲದಲ್ಲಿ ಇಂಥವರಿಗೆ ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಆರ್ಚ್ ಬಾರ್ (ಹಲ್ಲಿನ ಸಾಲಿನುದ್ದಕ್ಕೆ ಕೂರುವ ಲೋಹದ ಪಟ್ಟಿ) ಕಟ್ಟಿ, ಎರಡೂ ದವಡೆಗಳನ್ನು ಒಂದಕ್ಕೊಂದು ಬಿಗಿದು 4ರಿಂದ 6 ವಾರ ಬಿಡುತ್ತಿದ್ದರು. ಕೀಲಿನ ಮುರಿತವಾದರೆ ಸುಮಾರು ಎರಡು ವಾರಕ್ಕೇ ಬಿಚ್ಚಬೇಕು, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ತಂತಿ 26 ಗೇಜಿನ ಸ್ಟೇನ್‌ಲೆಸ್ ಸ್ಟೀಲ್. ಕಟ್ಟುವ ಮೊದಲು ಎಳೆದು ತುಸು ಹಿಗ್ಗಿಸಿಕೊಳ್ಳದಿದ್ದರೆ ಮರುದಿನವೇ ಸಡಿಲಾಗುತ್ತದೆ. ಎಲ್ಲ ಗಂಟುಗಳನ್ನೂ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು, ಏಕೆಂದರೆ ವಾರದ ನಂತರ ಬಿಗಿ ಮಾಡುವವರು ಬೇರೆಯವರಿರುತ್ತಾರೆ. ಹಾಸಿಗೆಯ ಪಕ್ಕ ವೈರ್ ಕಟರ್ ಇಡದೆ ರೋಗಿಯನ್ನು ವಾರ್ಡಿಗೆ ಕಳಿಸುವಂತಿಲ್ಲ. ವಾಂತಿಯಾದರೆ ಬಾಯಿ ಬಿಚ್ಚಬೇಕಾಗುತ್ತದೆ.

ರೋಗಿಗೆ ಇದು ಕಷ್ಟದ ದಾರಿ. ಗಂಜಿ, ತೆಳು ಅಂಬಲಿ, ಹಾಲು ಕುಡಿದುಕೊಂಡು ಒಂದೂವರೆ ತಿಂಗಳು ಕಳೆಯಬೇಕು, ತೂಕ ಇಳಿಯುತ್ತದೆ, ಕೂಲಿ ಹೋಗುತ್ತದೆ. ಕಲಿಯುವವರಿಗೆ ಮಾತ್ರ ಇದರಿಂದ ಲಾಭವಿತ್ತು. ಅದೇ ರೋಗಿ ವಾರವಾರ ಬರುತ್ತಿದ್ದ. ಹಲ್ಲು ಕೂಡಿದೆಯೇ, ಕೀವಾಗಿದೆಯೇ, ಮೂಳೆ ಎಷ್ಟು ಗಟ್ಟಿಯಾಗಿದೆ ಎಂದು ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ ತನ್ನ ಕೈಯಿಂದಲೇ ನೋಡುತ್ತಿದ್ದ. ಹಲ್ಲಿನ ಕಚ್ಚು ಸರಿಯಾಗಿ ಕೂತರೆ ಮೂಳೆಯೂ ಸರಿಯಾಗಿ ಕೂತಂತೆ ಎಂಬ ಪಾಠ ಬೆರಳಿಗೆ ಹತ್ತುತ್ತಿತ್ತು.

1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಮ್ಯಾಕ್ಸಿಮ್ ಶಾಂಪಿ ಮತ್ತು ಸಂಗಡಿಗರು ಕೆಳದವಡೆಯ ಮೇಲೆ ಸಣ್ಣ ಪ್ಲೇಟನ್ನು ಯಾವ ರೇಖೆಯಲ್ಲಿ ಕೂರಿಸಿದರೆ ಜಗಿಯುವ ಬಲವನ್ನು ತಡೆದುಕೊಳ್ಳುತ್ತದೆ ಎಂದು ತೋರಿಸಿದರು. ನಮ್ಮ ಕಡೆಯ ಓಟಿಗಳಿಗೂ (ಶಸ್ತ್ರಚಿಕಿತ್ಸಾ ಕೊಠಡಿಗಳಿಗೂ) ಈ ವಿಧಾನ ಬಂತು, ದವಡೆ ಕಟ್ಟಿಡುವ ವಾರಗಳು ತಪ್ಪಿದವು. ಹೊರಗಿನಿಂದ ನೋಡಿದರೆ ಸುಲಭದ ಕೆಲಸ. ಮಾಡುವವರಿಗೆ ಗೊತ್ತು ಅದರಲ್ಲಿ ಎಷ್ಟು ಕಡೆ ತಪ್ಪಬಹುದೆಂದು.

ಅರಿವಳಿಕೆಯ ಟ್ಯೂಬು ಮೂಗಿನಿಂದ ಹೋಗಬೇಕು. ಬಾಯಿಂದ ಹಾಕಿದರೆ ಹಲ್ಲು ಕಚ್ಚಿಸಿ ನೋಡಲಾಗದು. ರಕ್ತ ಒಳಗಿಳಿಯದಂತೆ ಗಂಟಲಿಗೆ ಬಟ್ಟೆಯ ಪ್ಯಾಕ್ ಇಟ್ಟಾಗಲೂ ತೆಗೆದಾಗಲೂ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಆರ್ಚ್ ಬಾರ್ ಆದ ಮೇಲೆ ತುಟಿಯ ಒಳಬದಿಯಲ್ಲಿ, ವಸಡಿನಿಂದ ಅರ್ಧ ಸೆಂಟಿಮೀಟರಿನಷ್ಟು ಕೆಳಗೆ ಛೇದ. ವಸಡಿಗೆ ತೀರಾ ಹತ್ತಿರ ಕೊಯ್ದರೆ ಹೊಲಿಯಲು ಅಂಚೇ ಉಳಿಯುವುದಿಲ್ಲ. ಗದ್ದದ ಸ್ನಾಯುವನ್ನು ಮತ್ತೆ ಸರಿಯಾಗಿ ಹೊಲಿಯದಿದ್ದರೆ ಗದ್ದ ಇಳಿಬೀಳುತ್ತದೆ. ಕಿರುದವಡೆ ಹಲ್ಲುಗಳ ಬುಡದ ಹತ್ತಿರ ಹೊರಬರುವ ನರವನ್ನು ಮೊದಲೇ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ತುಟಿ ಜೋಮು ಹಿಡಿದಂತೆಯೇ ಉಳಿದೀತು. ಮುರಿದ ತುಂಡುಗಳನ್ನು ಕೂಡಿಸಿ, ಹಲ್ಲು ಕಚ್ಚಿಸಿ, ತಂತಿಯಿಂದ ತಾತ್ಕಾಲಿಕವಾಗಿ ಕಟ್ಟಿದ ಮೇಲಷ್ಟೇ ಪ್ಲೇಟು.

ಪ್ಲೇಟನ್ನು ಮೂಳೆಗೆ ತಕ್ಕಂತೆ ಬಗ್ಗಿಸುವುದರಲ್ಲೇ ಅರ್ಧ ಕೆಲಸವಿದೆ. ಅದು ಮೂಳೆಯ ಮೇಲೆ ತಾನಾಗಿ ಕೂರಬೇಕು. ಕೂರದಿದ್ದದ್ದನ್ನು ಸ್ಕ್ರೂ ಬಿಗಿದು ಕೂರಿಸಲು ಹೋದರೆ ಪ್ಲೇಟು ಮೂಳೆಯನ್ನೇ ತನ್ನ ಕಡೆ ಎಳೆಯುತ್ತದೆ, ಹಲ್ಲಿನ ಕಚ್ಚು ಕೆಡುತ್ತದೆ. 2 ಮಿ.ಮೀ. ಸ್ಕ್ರೂಗೆ 1.5 ಮಿ.ಮೀ. ಡ್ರಿಲ್, ಸ್ಕ್ರೂ ಉದ್ದ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಕೊರೆಯುವಾಗ ಸಲೈನ್ ಬಿಡುತ್ತಲೇ ಇರಬೇಕು. ಮೂಳೆ 47 ಡಿಗ್ರಿ ಸೆಲ್ಸಿಯಸ್ ದಾಟಿ ಒಂದು ನಿಮಿಷ ಕಾದರೆ ಅದರ ಜೀವಕೋಶಗಳು ಸಾಯುತ್ತವೆ, ಅಂಥ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಕೈ ಅಲುಗಿದರೆ ತೂತು ಅಗಲವಾಗಿ ಅಲ್ಲೂ ಅದೇ ಗತಿ. ಮುಂಭಾಗದ ಮುರಿತಕ್ಕೆ ಎರಡು ಪ್ಲೇಟು ಬೇಕು, ಇಲ್ಲಿ ತಿರುಚುವ ಬಲ ಹೆಚ್ಚು. ಅವನ್ನು ಬಿಗಿಯುವಾಗ ಸಹಾಯಕನಾದವನು ದವಡೆಯ ಎರಡೂ ಮೂಲೆಗಳನ್ನು ಒಳಕ್ಕೆ ಒತ್ತಿ ಹಿಡಿದಿರಬೇಕು. ಹಿಡಿಯದಿದ್ದರೆ ಮುಂದೆ ಚೆನ್ನಾಗಿ ಕೂಡಿದಂತೆ ಕಂಡರೂ ನಾಲಿಗೆಯ ಬದಿಯಲ್ಲಿ ಮುರಿತ ಬಾಯ್ಬಿಟ್ಟಿರುತ್ತದೆ, ಮುಖ ಅಗಲವಾಗುತ್ತದೆ. ಕೊನೆಗೆ ತಂತಿ ಬಿಚ್ಚಿ ಕಚ್ಚು ಮತ್ತೆ ನೋಡಬೇಕು. ಸರಿಯಿಲ್ಲವೆಂದರೆ ಪ್ಲೇಟು ತೆಗೆದು ಮೊದಲಿನಿಂದ ಮಾಡಬೇಕು, ಬೇರೆ ದಾರಿಯಿಲ್ಲ.

ಮೂಲೆ ಒತ್ತಿ ಹಿಡಿಯುವ ಆ ಸಹಾಯಕನೇ ನಿಜವಾಗಿ ಕಲಿಯುತ್ತಿರುವವನು. ಮೊದಲ ವರ್ಷ ಗಾಯದ ಅಂಚನ್ನು ಸರಿಸಿಡುವ ರಿಟ್ರ್ಯಾಕ್ಟರ್ ಹಿಡಿದು, ಎರಡನೆಯ ವರ್ಷ ಆರ್ಚ್ ಬಾರ್ ಕಟ್ಟಿ, ಮೂರನೆಯ ವರ್ಷ ಸೀನಿಯರ್ ಎದುರಿಗಿದ್ದಾಗಲೇ ಡ್ರಿಲ್ ಹಿಡಿಯಬೇಕು. ಈ ಸರಪಳಿ ನಡೆಯಲು ಸಾಕಷ್ಟು ಕೇಸು ಬರಬೇಕು, ವಾರಕ್ಕೆ ನಿಗದಿಯಾದ ಓಟಿ ದಿನ ಬೇಕು, ಅರಿವಳಿಕೆ ತಜ್ಞರು ಸಿಗಬೇಕು. ಒಂದೇ ಮುರಿದ ಮುಖಕ್ಕೆ ಪ್ಲಾಸ್ಟಿಕ್ ಸರ್ಜರಿ, ಇಎನ್‌ಟಿ, ಓರಲ್ ಸರ್ಜರಿ ಮೂರೂ ವಿಭಾಗಗಳು ಬೇಡಿಕೆ ಇಡುವ ಕಡೆ, ಯುನಿಟ್ಟಿನಲ್ಲಿ ಪಿಜಿಗಳ ಸಂಖ್ಯೆ ಬೆಳೆದು ಕೇಸುಗಳು ಬೆಳೆಯದ ಕಡೆ ಸರಪಳಿ ತುಂಡಾಗುತ್ತದೆ. ಪ್ಲೇಟು ಹಾಕಿದ ರೋಗಿ ಎರಡು ಮೂರು ದಿನಕ್ಕೆ ಮನೆಗೆ ಹೋಗುತ್ತಾನೆ, ಹೊಲಿಗೆ ಬಿಚ್ಚಲು ಬಂದ ಮೇಲೆ ಬಹುಪಾಲು ಕಾಣಿಸುವುದಿಲ್ಲ. ತನ್ನ ತಪ್ಪು ಆರು ವಾರದ ಮೇಲೆ ಹೇಗೆ ಕಾಣುತ್ತದೆ ಎಂದು ಪಿಜಿಗೆ ತಿಳಿಯುವುದೇ ಇಲ್ಲ.

ಪರೀಕ್ಷೆಯ ವಿನ್ಯಾಸವೂ ಇದಕ್ಕೆ ಒತ್ತು ಕೊಡುವುದಿಲ್ಲ. 2017ರ ನಿಯಮಾವಳಿಯಂತೆ ಮೊದಲ ವರ್ಷದ ಕೊನೆಗೆ ಮೂಲವಿಜ್ಞಾನಗಳ ಪತ್ರಿಕೆ, ಮೂರನೆಯ ವರ್ಷದ ಕೊನೆಗೆ ಉಳಿದ ಪತ್ರಿಕೆಗಳು, ಪ್ರಾಯೋಗಿಕ ಪರೀಕ್ಷೆ, ವೈವಾ (ಮೌಖಿಕ ಪರೀಕ್ಷೆ). ಪ್ರಾಯೋಗಿಕದಲ್ಲಿ ಪರೀಕ್ಷಕರ ಮುಂದೆ ಮಾಡುವ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಮೂಳೆಯೊಳಗೆ ಹುದುಗಿದ ಬುದ್ಧಿಹಲ್ಲು ತೆಗೆಯುವುದು. ಉಳಿದದ್ದು ಕೇಸು ಹೇಳುವುದು. ಬುದ್ಧಿಹಲ್ಲೂ ಸಣ್ಣದೇನಲ್ಲ: ಹಲ್ಲಿನ ನಾಲಿಗೆ ಬದಿಗೆ ಬರ್ (ಕೊರೆಯುವ ಮೊನೆ) ಜಾರಿದರೆ ನಾಲಿಗೆಯ ನರಕ್ಕೆ ಪೆಟ್ಟು, ಹಲ್ಲು ಮೀಟುವ ಎಲಿವೇಟರ್ ಮೇಲೆ ಜೋರು ಹಾಕಿದರೆ ದವಡೆಯ ಮೂಲೆಯೇ ಮುರಿಯಬಹುದು. ಆದರೂ ಮುರಿದ ದವಡೆ ಕೂಡಿಸುವ ಕೈಯನ್ನು ಯಾವ ಪರೀಕ್ಷಕರೂ ನೋಡುವುದಿಲ್ಲ. ಅದಕ್ಕೆ ಸಾಕ್ಷಿ ಲಾಗ್‌ಬುಕ್ ಒಂದೇ. ಅದರಲ್ಲಿ ನೋಡಿದ್ದು, ಸಹಾಯ ಮಾಡಿದ್ದು, ತಾನೇ ಮಾಡಿದ್ದು ಎಂಬ ಮೂರು ಕಲಮುಗಳ ನಡುವಿನ ಗೆರೆ ಎಷ್ಟು ಗಟ್ಟಿ ಎಂಬುದು ಸಹಿ ಹಾಕುವವರ ಕೈಯಲ್ಲಿದೆ.

ನಮ್ಮ ಸೀಮೆಗೆ ಇನ್ನೊಂದು ಪಾಠವಿದೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ ಅಡಿಕೆಯ ಊರುಗಳು. ಅಡಿಕೆ, ಗುಟ್ಕಾ ಜಗಿದು ಕೆನ್ನೆ ಒಳಗಿನಿಂದ ಬಿಗಿದು, ಬಾಯಿ ಎರಡು ಬೆರಳೂ ಹಿಡಿಸದಷ್ಟು ಕಿರಿದಾದವರು ಹೊರರೋಗಿ ವಿಭಾಗದಲ್ಲಿ ಕಾಣುತ್ತಾರೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಜೊತೆಗೇ ತೂಗಿದವು. ಇವರ ಬಾಯಿ ತೆರೆಯದ ಕಾರಣ ಅರಿವಳಿಕೆ ಕೊಡುವುದೇ ಕಷ್ಟ. ಎಚ್ಚರವಿರುವಾಗಲೇ ಮೂಗಿನಿಂದ ಫೈಬರ್‌ಆಪ್ಟಿಕ್ ಸ್ಕೋಪಿನ ಸಹಾಯದಲ್ಲಿ ಟ್ಯೂಬು ಹಾಕಬೇಕಾಗುತ್ತದೆ. ನಾರುಕಟ್ಟನ್ನು ಕೊಯ್ದು, ಬಾಯಿ 35 ಮಿ.ಮೀ. ಆದರೂ ತೆರೆಯುವಂತೆ ಮಾಡಿ, ಕೆನ್ನೆಯ ಕೊಬ್ಬನ್ನೋ ಮೂಗಿನ ಪಕ್ಕದ ಚರ್ಮವನ್ನೋ ತಂದು ಮುಚ್ಚುತ್ತಾರೆ. ನಂತರ ದಿನಕ್ಕೆ ಹಲವು ಸಲ, ಕನಿಷ್ಠ 6 ತಿಂಗಳು ಬಾಯಿ ತೆರೆಯುವ ವ್ಯಾಯಾಮ. ಅದನ್ನು ಬಿಟ್ಟರೆ ಗಾಯ ಮಾಗುತ್ತಾ ಮತ್ತೆ ಬಿಗಿಯುತ್ತದೆ. ರೋಗಿಯನ್ನು ತಿಂಗಳುಗಟ್ಟಲೆ ಬೆನ್ನುಹತ್ತಿ ಕರೆಸಿಕೊಳ್ಳುವುದೂ ಶಸ್ತ್ರವೈದ್ಯನ ಕೆಲಸವೆಂದು ಇಲ್ಲಿ ಕಲಿಯಬಹುದು.

2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು 1948ರ ಕಾಯ್ದೆಯ ಜಾಗಕ್ಕೆಂದು ರೂಪಿಸಲಾಗಿದೆ. ಬಿಡಿಎಸ್ ಮುಗಿಸುವವರಿಗೆ ಎಕ್ಸಿಟ್ ಪರೀಕ್ಷೆ, ಅದರ ಆಧಾರದ ಮೇಲೆ ಪಿಜಿ ಪ್ರವೇಶ ಎಂಬ ಅಂಶ ಅದರಲ್ಲಿದೆ. ಅಂದರೆ ಚರ್ಚೆ ಇನ್ನೊಮ್ಮೆ ಪ್ರವೇಶದ ಬಾಗಿಲಿನ ಬಳಿಯೇ ನಿಲ್ಲುವ ಸಾಧ್ಯತೆ ಹೆಚ್ಚು. ಈ ವಿಭಾಗ ಆರಿಸುವವರು ಕೌನ್ಸೆಲಿಂಗ್‌ಗೆ ಮೊದಲು ಅಲ್ಲಿ ಓದುತ್ತಿರುವ ಪಿಜಿಗಳನ್ನು ಕಂಡು ಕೇಳಬೇಕಾದದ್ದು ಬೇರೆ ಇದೆ. ರಾತ್ರಿ ಕ್ಯಾಶುಯಾಲ್ಟಿಗೆ ಮುಖದ ಗಾಯ ಬಂದರೆ ಮೊದಲ ಫೋನು ಯಾರಿಗೆ ಹೋಗುತ್ತದೆ, ವಾರಕ್ಕೆ ಎಷ್ಟು ದಿನ ಓಟಿ ಟೇಬಲ್ ಸಿಗುತ್ತದೆ, ಅರಿವಳಿಕೆ ವಿಭಾಗದ ಪೋಸ್ಟಿಂಗಿನಲ್ಲಿ ಟ್ಯೂಬು ಹಾಕಲು ಬಿಡುತ್ತಾರೋ ನಿಂತು ನೋಡಲು ಮಾತ್ರವೋ, ಕಳೆದ ವರ್ಷ ಮುಗಿಸಿ ಹೋದವರು ಎಷ್ಟು ದವಡೆ ಮುರಿತಗಳನ್ನು ತಾವೇ ಕೂಡಿಸಿದ್ದರು.