ಕೆಮ್ಮು ಎಂಥದ್ದು ಅಂತ ಮೊದಲು ಹೇಳಿರಿ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಆವಕ ಜೋರಾದಾಗ ನಮ್ಮ ಔಷಧ ಅಂಗಡಿಗೆ ಬರುವ ಹಮಾಲರು, ಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಎಲ್ಲರದೂ ಒಂದೇ ಮಾತು: ‘ಕೆಮ್ಮಿಗೆ ಚಲೋ ಟಾನಿಕ್ ಕೊಡ್ರಿ.’ ನಾನು ಮೊದಲು ಕೇಳುವುದು, ‘ಕಫ ಬರ್ತೈತೇನ್ರಿ, ಒಣ ಕೆಮ್ಮೋ?’

ಉತ್ತರದ ಮೇಲೆ ಔಷಧವೇ ಬದಲಾಗುತ್ತದೆ. ಒಣ ಕೆಮ್ಮಿನ ಡೆಕ್ಸ್ಟ್ರೋಮೆಥಾರ್ಫನ್ ಮಿದುಳಿನ ಮಟ್ಟದಲ್ಲೇ ಕೆಮ್ಮನ್ನು ತಡೆಯುತ್ತದೆ. ಅಂಬ್ರಾಕ್ಸಾಲ್, ಬ್ರೋಮ್‌ಹೆಕ್ಸಿನ್ ಕಫವನ್ನು ತೆಳುಮಾಡುತ್ತವೆ. ತೆಳುವಾದ ಕಫ ಹೊರಬೀಳಬೇಕಾದರೆ ಕೆಮ್ಮು ಬೇಕು. ಎದೆಯಲ್ಲಿ ಕಫ ಕಟ್ಟಿದವರು ಕೆಮ್ಮು ತಡೆಯುವ ಔಷಧ ಕುಡಿದರೆ ಕಫ ಒಳಗೇ ಉಳಿಯುತ್ತದೆ. ಅದಕ್ಕೇ ‘ಮೊನ್ನೆ ನಮ್ಮ ವೈನಿಗೆ ಕೊಟ್ಟಿದ್ರಲ್ಲ, ಅದನ್ನ ಕೊಡ್ರಿ’ ಎಂದರೆ ನಾನು ಒಪ್ಪುವುದಿಲ್ಲ.

ಬೇರೆ ಯಾವ ಗುಳಿಗೆ ನುಂಗುತ್ತೀರಿ ಎಂಬುದನ್ನೂ ದಯವಿಟ್ಟು ಹೇಳಿರಿ. ಬಿಪಿಗೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್ ಕೆಲವರಲ್ಲಿ ತಾವೇ ಒಣ ಕೆಮ್ಮು ತರುತ್ತವೆ. ಆ ಕೆಮ್ಮಿಗೆ ತಿಂಗಳುಗಟ್ಟಲೆ ಸಿರಪ್ ಕುಡಿದರೂ ದುಡ್ಡು ದಂಡ. ಹಾಗಂತ ಗುಳಿಗೆಯನ್ನು ನೀವೇ ಬಿಡಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿದರೆ ಬೇರೆ ಗುಳಿಗೆ ಕೊಡುತ್ತಾರೆ. ಕೆಲವು ಸಿರಪ್‌ಗಳಲ್ಲಿರುವ ಟರ್ಬ್ಯುಟಲಿನ್‌ನಿಂದ ಎದೆ ಡವಗುಟ್ಟಿ ಕೈ ನಡುಗಬಹುದು. ಹೃದಯದ ತೊಂದರೆ ಇದ್ದವರು ಅದನ್ನು ಮುಚ್ಚಿಡಬಾರದು. ಕ್ಲೋರ್‌ಫೆನಿರಮಿನ್ ಇದ್ದರೆ ನಿದ್ದೆ ಬರುತ್ತದೆ, ಟ್ರ್ಯಾಕ್ಟರ್ ಓಡಿಸುವವರಿಗೆ ಅದು ಬೇಡ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಲ್ಲದ ಸಿರಪ್ ಸಿಗುತ್ತದೆ.

ಮಕ್ಕಳ ವಿಷಯದಲ್ಲಿ ನಾನು ಬಹಳ ಬಿಗಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ವರ್ಷ ದಾಟಿದ ಕೂಸಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ನೆಕ್ಕಿಸಬಹುದು. ವರ್ಷದೊಳಗೆ ಜೇನೂ ಅಪಾಯ. ಉಸಿರಾಟ ವೇಗವಾದರೆ, ಪಕ್ಕೆ ಒಳಗೆಳೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ದೊಡ್ಡವರೂ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಿಂದಲೇ ಕುಡಿಯಬೇಕು, ಮನೆಯ ಚಮಚ ಒಂದೊಂದು ಒಂದೊಂದು ಅಳತೆ.

ಮೆಣಸಿನಕಾಯಿ ಕೆಲಸದವರು ಎಲ್ಲ ಕೆಮ್ಮನ್ನೂ ಘಾಟಿನ ತಲೆಗೆ ಕಟ್ಟುತ್ತಾರೆ. ಎರಡು ವಾರವಾದರೂ ನಿಲ್ಲದಿದ್ದರೆ, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರೆ ಟಿಬಿ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧವೂ ಉಚಿತ. ಎರಡನೇ ಬಾಟಲಿ ಕೇಳಿಕೊಂಡು ಬಂದವರನ್ನು ನಾನು ಅಲ್ಲಿಗೇ ಕಳಿಸುತ್ತೇನೆ.