ಸೆವೆನ್ ಸ್ಟಾರ್ ಹೋಟೆಲ್ ನಿಜಕ್ಕೂ ಇದೆಯೇ? ಆ ಸ್ಟಾರ್ ಕೊಡುವವರು ಯಾರು?

ಓದುಗರ ಪ್ರಶ್ನೆ: ದುಬೈನ ಬುರ್ಜ್ ಅಲ್ ಅರಬ್ ಜಗತ್ತಿನ ಏಕೈಕ ಸೆವೆನ್ ಸ್ಟಾರ್ ಹೋಟೆಲ್ ಎಂದು ಓದಿದ್ದೆ. ಆಮೇಲೆ ನೋಡಿದರೆ ಇಟಲಿಯಲ್ಲೂ ಒಂದಿದೆ, ಚೀನಾದಲ್ಲೂ ಒಂದಿದೆ ಎಂಬ ಬರಹಗಳು ಸಿಕ್ಕವು. ಯಾವುದನ್ನು ನಂಬುವುದು? ಅಷ್ಟಕ್ಕೂ ಹೋಟೆಲುಗಳಿಗೆ ಸ್ಟಾರ್ ಹಂಚುವವರು ಯಾರು?

ಉತ್ತರ: ಅಧಿಕೃತವಾಗಿ ಸೆವೆನ್ ಸ್ಟಾರ್ ಎಂಬ ದರ್ಜೆಯೇ ಇಲ್ಲ. ಸಿಕ್ಸ್ ಸ್ಟಾರ್ ಕೂಡ ಇಲ್ಲ. ಫ್ರಾನ್ಸ್, ಇಟಲಿ, ಸ್ಪೇನ್, ಜರ್ಮನಿ, ಸ್ವಿಟ್ಜರ್ಲೆಂಡ್, ಬ್ರಿಟನ್, ಭಾರತ, ಚೀನಾ, ಎಲ್ಲಿ ನೋಡಿದರೂ ಲೆಕ್ಕ ಐದಕ್ಕೆ ನಿಲ್ಲುತ್ತದೆ. ದುಬೈನಲ್ಲೂ ಅಷ್ಟೇ. ಬುರ್ಜ್ ಅಲ್ ಅರಬ್‌ನ ದರ್ಜೆ ಫೈವ್ ಸ್ಟಾರ್ ಡೀಲಕ್ಸ್.

ಹಾಗಾದರೆ ಏಳು ಎಲ್ಲಿಂದ ಬಂತು? ಆ ಹೋಟೆಲು ಬಾಗಿಲು ತೆರೆದದ್ದು 1999ರ ಡಿಸೆಂಬರ್‌ನಲ್ಲಿ. ದಡದಿಂದ 280 ಮೀಟರ್ ದೂರದಲ್ಲಿ, ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲೆ, ಗಾಳಿ ತುಂಬಿಕೊಂಡ ಹಾಯಿಯ ಆಕಾರದಲ್ಲಿ 321 ಮೀಟರ್ ಎತ್ತರಕ್ಕೆ ನಿಂತ ಕಟ್ಟಡ ಅದು. ವಿನ್ಯಾಸ ಬ್ರಿಟನ್ನಿನ ಟಾಮ್ ರೈಟ್ ಅವರದು. ಒಳಗೆ ಸಾಧಾರಣ ಕೋಣೆ ಎಂಬುದೇ ಇಲ್ಲ, ಎಲ್ಲವೂ ಎರಡು ಅಂತಸ್ತಿನ ಸ್ವೀಟ್‌ಗಳು, ಎಂದರೆ ಕೂರಲು ಬೇರೆ, ಮಲಗಲು ಬೇರೆ ಜಾಗವಿರುವ ವಿಶಾಲ ವಸತಿಗಳು. ಉದ್ಘಾಟನೆಯ ಹೊತ್ತಿಗೆ ನೋಡಲು ಬಂದಿದ್ದ ಬ್ರಿಟಿಷ್ ಪತ್ರಕರ್ತರೊಬ್ಬರು ತಾವು ಕಂಡದ್ದಕ್ಕೆ ಐದು ಸಾಲದು ಎನಿಸಿ ಏಳು ಎಂದು ಬರೆದರಂತೆ. ಹೀಗೆಂದು ಹೇಳುತ್ತಾ ಬಂದಿರುವುದು ಹೋಟೆಲನ್ನು ನಡೆಸುವ ಜುಮೇರಾ ಸಂಸ್ಥೆಯೇ. ತಮ್ಮ ಜಾಹೀರಾತಿನಲ್ಲಿ ಆ ಮಾತನ್ನು ಬಳಸಿಲ್ಲ ಎಂಬುದೂ ಅವರದೇ ಹೇಳಿಕೆ. ಬಳಸಬೇಕಾದ ಅಗತ್ಯವೂ ಬೀಳಲಿಲ್ಲ. ಜಗತ್ತಿನ ಪತ್ರಿಕೆಗಳೆಲ್ಲ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟವು.

ಇಟಲಿಯ ಕಥೆ ಬೇರೆ. ಮಿಲಾನ್ ನಗರದ ಗಾಜಿನ ಚಾವಣಿಯ ಹಳೆಯ ಮಳಿಗೆ ಬೀದಿ ಗ್ಯಾಲೇರಿಯಾ ವಿಟ್ಟೋರಿಯೊ ಎಮಾನುಯೆಲೆ. ಅದರೊಳಗೆ 2007ರಲ್ಲಿ ಶುರುವಾದ ಟೌನ್ ಹೌಸ್ ಗ್ಯಾಲೇರಿಯಾ ಎಂಬ ಪುಟ್ಟ ಹೋಟೆಲು, ತನಗೆ ಸೆವೆನ್ ಸ್ಟಾರ್ ಪ್ರಮಾಣಪತ್ರವೇ ಇದೆ ಎಂದಿತು. ಪತ್ರ ಇದ್ದದ್ದು ನಿಜ. ಕೊಟ್ಟದ್ದು ಜಿನೀವಾದ ಎಸ್‌ಜಿಎಸ್ ಎಂಬ ಖಾಸಗಿ ತಪಾಸಣಾ ಸಂಸ್ಥೆ. ಇಟಲಿಯ ಅಧಿಕೃತ ಶ್ರೇಣಿಗೂ ಅದಕ್ಕೂ ಸಂಬಂಧವಿಲ್ಲ. ಬೀಜಿಂಗ್‌ನ ಪಾಂಗು ಹೋಟೆಲಂತೂ ‘ಸೆವೆನ್ ಸ್ಟಾರ್’ ಎಂಬುದನ್ನು ಹೆಸರಿಗೇ ಸೇರಿಸಿಕೊಂಡಿತ್ತು. ಹೆಸರಿಡುವುದಕ್ಕೆ ಪರೀಕ್ಷೆ ಬೇಕಿಲ್ಲವಲ್ಲ.

ಇದೆಲ್ಲ ನಡೆಯುವುದು ಒಂದೇ ಕಾರಣಕ್ಕೆ: ಹೋಟೆಲ್ ಸ್ಟಾರ್‌ಗೆ ಜಗತ್ತಿನಲ್ಲಿ ಒಬ್ಬನೇ ಯಜಮಾನ ಇಲ್ಲ. ಮೊದಲಿನಿಂದಲೂ ಇರಲಿಲ್ಲ. 1912ರಲ್ಲಿ ಬ್ರಿಟನ್ನಿನ ವಾಹನ ಚಾಲಕರ ಸಂಘ ಆಟೊಮೊಬೈಲ್ ಅಸೋಸಿಯೇಷನ್ ತನ್ನ ಸದಸ್ಯರಿಗಾಗಿ, ದಾರಿಯಲ್ಲಿ ತಂಗಲು ತಕ್ಕ ಹೋಟೆಲುಗಳಿಗೆ ನಕ್ಷತ್ರ ಹಾಕತೊಡಗಿತು. ಅದರ ಕಾರ್ಯದರ್ಶಿ ಸ್ಟೆನ್ಸನ್ ಕುಕ್ ಅವರಿಗೆ ಈ ಯೋಚನೆ ಹೊಳೆದದ್ದು ಬ್ರಾಂಡಿ ಬಾಟಲಿಗಳ ಮೇಲಿನ ನಕ್ಷತ್ರಗಳಿಂದ. ಜನಕ್ಕೆ ಆ ಗುರುತು ಆಗಲೇ ಗೊತ್ತಿತ್ತು, ವಿವರಿಸುವ ಕಷ್ಟವಿರಲಿಲ್ಲ. ಅಲ್ಲಿಂದ ಮುಂದೆ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಫ್ರಾನ್ಸ್‌ನಲ್ಲಿ ಅದು ಸರ್ಕಾರದ ವ್ಯವಸ್ಥೆ. ಜರ್ಮನಿಯಲ್ಲಿ ಹೋಟೆಲು ಮಾಲೀಕರ ಸಂಘ ನೋಡಿಕೊಳ್ಳುತ್ತದೆ, ಸೇರುವುದು ಬಿಡುವುದು ಹೋಟೆಲಿನ ಇಷ್ಟ. ಸ್ಪೇನ್‌ನಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಅಮೆರಿಕದಲ್ಲಿ ಸರ್ಕಾರ ಇದಕ್ಕೆ ಕೈಯನ್ನೇ ಹಾಕಿಲ್ಲ. ಜಪಾನಿನಲ್ಲಿ ಸರ್ಕಾರಿ ಸ್ಟಾರ್ ಪದ್ಧತಿಯೇ ಇಲ್ಲ. ಅತಿಥಿ ಸತ್ಕಾರಕ್ಕೆ ಹೆಸರಾದ, ಕ್ರಿ.ಶ. 705ರಿಂದ ನಡೆದುಕೊಂಡು ಬಂದಿರುವ ನಿಶಿಯಾಮಾ ಒನ್ಸೆನ್ ಕೇಯುನ್‌ಕಾನ್ ಎಂಬ ಬಿಸಿನೀರಿನ ಬುಗ್ಗೆಯ ತಂಗುಮನೆ ಇರುವ ದೇಶದ ಮಾತಿದು.

ಯುರೋಪಿನ ಹಲವು ದೇಶಗಳು ಈ ಗೊಂದಲ ತಗ್ಗಿಸಲು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂಬ ಒಕ್ಕೂಟ ಕಟ್ಟಿಕೊಂಡು, 200ಕ್ಕೂ ಹೆಚ್ಚು ಅಂಶಗಳ ಸಮಾನ ಪಟ್ಟಿ ಮಾಡಿದವು. ಒಂದೊಂದು ಅಂಶಕ್ಕೂ ಇಷ್ಟು ಅಂಕ. ಅಂಕ ಕೂಡಿಸಿದರೆ ಸ್ಟಾರ್.

ಪ್ರಶ್ನೆಯ ತಿರುಳು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಸ್ಟಾರ್ ಮುಖ್ಯವಾಗಿ ಏನಿದೆ ಎಂಬುದನ್ನು ಎಣಿಸುತ್ತದೆ. ಫ್ರಾನ್ಸ್‌ನಲ್ಲಿ ಐದು ಸ್ಟಾರ್ ಬೇಕಾದರೆ ಇಬ್ಬರು ತಂಗುವ ಕೋಣೆ ಕನಿಷ್ಠ 24 ಚದರ ಮೀಟರ್ ಇರಬೇಕು. ಇನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಬರುವಂಥವು: ದಿನದ 24 ಗಂಟೆಯೂ ಆಳಿರುವ ಸ್ವಾಗತ ಮೇಜು, ಹಲವು ಭಾಷೆ ಬಲ್ಲ ಸಿಬ್ಬಂದಿ, ಕೋಣೆಯಲ್ಲಿ ತಿಜೋರಿ, ಮೈ ಒರೆಸಿಕೊಂಡ ಮೇಲೆ ತೊಡಲು ನಿಲುವಂಗಿ, ಬೇಗ ಇಸ್ತ್ರಿ ಮಾಡಿಕೊಡುವ ಏರ್ಪಾಡು, ಸಂಜೆ ಹಾಸಿಗೆ ಸಿದ್ಧಮಾಡಿ ಹೋಗುವ ಕ್ರಮ. ಟೇಪು ಹಿಡಿದು ಅಳೆಯಬಹುದು, ಇದೆ ಅಥವಾ ಇಲ್ಲ ಎಂದು ಗುರುತು ಹಾಕಬಹುದು. ಈ ಲೆಕ್ಕ ಬೇಡವೆಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ಮಧ್ಯರಾತ್ರಿ ಇಳಿದವರಿಗೆ ಎಚ್ಚರವಿರುವ ಸ್ವಾಗತ ಮೇಜು ಎಷ್ಟು ದೊಡ್ಡ ಧೈರ್ಯ ಎಂದು ಬೇರೆ ಹೇಳಬೇಕಿಲ್ಲ. ಆದರೆ ಆ ಮೇಜಿನ ಹಿಂದಿರುವವರು ತಲೆ ಎತ್ತಿ ನಿಮ್ಮ ಮುಖ ನೋಡಿದರೇ ಎಂಬುದು ಎಣಿಕೆಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಎಣಿಸುವುದಕ್ಕೆ ಇನ್ನೊಂದು ತೊಡಕೂ ಇದೆ, ಕಾಲದ್ದು. ಬಾಸ್ಟನ್ನಿನಲ್ಲಿ 1829ರಲ್ಲಿ ತೆರೆದ ಟ್ರೆಮಾಂಟ್ ಹೌಸ್ ಅಂದಿನ ಕಾಲಕ್ಕೆ ಬೆರಗು ಹುಟ್ಟಿಸಿದ ಹೋಟೆಲು. ಯಾಕೆ ಗೊತ್ತೇ? ಕೋಣೆಗೆ ಬೀಗವಿತ್ತು, ಅತಿಥಿಗೆ ಸೋಪು ಕೊಡುತ್ತಿದ್ದರು, ಕಟ್ಟಡದೊಳಗೇ ಶೌಚದ ವ್ಯವಸ್ಥೆ ಇತ್ತು. 1889ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ವಿದ್ಯುತ್ ದೀಪ, ಲಿಫ್ಟುಗಳು ಬಂದವು. 1898ರ ಜೂನ್‌ನಲ್ಲಿ ಸೀಸರ್ ರಿಟ್ಜ್ ಪ್ಯಾರಿಸ್ಸಿನಲ್ಲಿ ತಮ್ಮ ಹೆಸರಿನ ಹೋಟೆಲು ತೆರೆದಾಗ ಕೋಣೆಗೆ ಸೇರಿದ ಸ್ನಾನದ ಮನೆ ದೊಡ್ಡ ಸುದ್ದಿ. ಅದಾಗಿ ಹತ್ತೇ ವರ್ಷಕ್ಕೆ, 1908ರಲ್ಲಿ, ಹೋಟೆಲು ಉದ್ಯಮಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅಮೆರಿಕದ ಬಫಲೋ ನಗರದಲ್ಲಿ ಸ್ನಾನದ ಮನೆ ಸಮೇತ ಕೋಣೆಯನ್ನು ಒಂದೂವರೆ ಡಾಲರಿಗೆ ಕೊಟ್ಟುಬಿಟ್ಟರು. ಸಿರಿವಂತರ ಸೌಲಭ್ಯ ವ್ಯಾಪಾರಿಗಳ ಸೌಲಭ್ಯವಾಯಿತು. ಎರಡು ದಶಕದ ಹಿಂದೆ ಕೋಣೆಯಲ್ಲಿ ಇಂಟರ್ನೆಟ್ ಇದ್ದರೆ ಅಂಕ ಸಿಗುತ್ತಿತ್ತು, ಇವತ್ತು ಇಲ್ಲದಿದ್ದರೆ ಜಗಳ.

ಹೀಗೆ ಐದನೇ ಸ್ಟಾರ್ ಕಿಕ್ಕಿರಿದಾಗ ಅದರ ಮೇಲೊಂದು ಕಿರೀಟ ಇಡಬೇಕಾಗುತ್ತದೆ. ಇಟಲಿಯಲ್ಲಿ ‘ಲುಸ್ಸೊ’, ಸ್ಪೇನ್‌ನಲ್ಲಿ ‘ಗ್ರಾನ್ ಲುಹೊ’, ಭಾರತದಲ್ಲಿ ‘ಡೀಲಕ್ಸ್’. ಫ್ರಾನ್ಸ್ ಮಾಡಿದ್ದು ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಅಲ್ಲಿ ಐದನೇ ಸ್ಟಾರ್ ಬಂದದ್ದೇ 2009ರಲ್ಲಿ. ಮರುವರ್ಷವೇ ಅದರ ಮೇಲೆ ‘ಪಲಾಸ್’, ಎಂದರೆ ಅರಮನೆ, ಎಂಬ ಬಿರುದು ಹುಟ್ಟಿತು. ಇದಕ್ಕೆ ಅಂಕಪಟ್ಟಿ ಸಾಲದು, ತೀರ್ಪುಗಾರರು ಕೂತು ಆ ಜಾಗದ ಇತಿಹಾಸ, ಸೌಂದರ್ಯ, ಸೇವೆಯ ಗುಣ ಎಲ್ಲವನ್ನೂ ತೂಗುತ್ತಾರೆ. 2011ರ ಮೇ ತಿಂಗಳಲ್ಲಿ ಮೊದಲ ಸಲ ಕೊಟ್ಟಾಗ ಆಯ್ಕೆಯಾದದ್ದು ಎಂಟೇ ಹೋಟೆಲು. ಪ್ಯಾರಿಸ್ಸಿನ ಬ್ರಿಸ್ಟಲ್, ಮೊರೀಸ್, ಪ್ಲಾಜಾ ಅತೆನೆ ಅದರಲ್ಲಿದ್ದವು. ಲಕ್ಷುರಿ ಎಂಬ ಮಾತಿಗೇ ಪರ್ಯಾಯವಾದ ರಿಟ್ಜ್ ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ.

ಸೇವೆಯನ್ನೇ ಅಳೆಯಲು ಹೊರಟವರೂ ಇದ್ದಾರೆ. ಅವರಲ್ಲಿ ಹಳಬರು ಅಮೆರಿಕದ ಫೋರ್ಬ್ಸ್ ಟ್ರಾವೆಲ್ ಗೈಡ್‌ನವರು. 1958ರಲ್ಲಿ ಪೆಟ್ರೋಲ್ ಕಂಪನಿ ಮೊಬಿಲ್ ಹೆಸರಿನಲ್ಲಿ ಶುರುವಾದದ್ದು ಇದು. ಇವರ ಪರೀಕ್ಷಕರು ತಮ್ಮ ಗುರುತು ಬಿಟ್ಟುಕೊಡದೆ, ಎಲ್ಲರಂತೆ ಬಿಲ್ಲು ಕಟ್ಟಿ ತಂಗುತ್ತಾರೆ. ಅವರ ಕೈಯಲ್ಲಿ 900ರಷ್ಟು ಅಂಶಗಳ ಪಟ್ಟಿ ಇರುತ್ತದೆ, ಮತ್ತು ಅಂಕಗಳಲ್ಲಿ ಸಿಂಹಪಾಲು ಕಟ್ಟಡಕ್ಕಿಂತ ಸೇವೆಗೆ. ಅಮೃತಶಿಲೆಯ ನೆಲ ಎಷ್ಟೇ ಹೊಳೆದರೂ ಅಲ್ಲಿ ನಿಮ್ಮನ್ನು ಕಾಯಿಸಿದರೆ ಐದನೇ ಸ್ಟಾರ್ ಹೋಯಿತು. ಇನ್ನೊಂದು ಪ್ರಯತ್ನ ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್‌ದು. ಊಟದ ಮನೆಗಳಿಗೆ 1926ರಿಂದ ಸ್ಟಾರ್ ಕೊಡುತ್ತಿರುವ ಇವರು 2024ರಲ್ಲಿ ಹೋಟೆಲುಗಳಿಗೆ ಕೀಲಿಕೈ ಗುರುತು ಕೊಡತೊಡಗಿದರು. ಒಂದು, ಎರಡು, ಮೂರು, ಅಷ್ಟೇ. ಅವರು ನೋಡುವ ಐದು ವಿಷಯಗಳಲ್ಲಿ ಕೊಟ್ಟ ಹಣಕ್ಕೆ ತಕ್ಕದ್ದು ಸಿಕ್ಕಿತೇ ಎಂಬುದೂ ಒಂದು. ಹೋಟೆಲಿಗೆ ತನ್ನದೇ ವ್ಯಕ್ತಿತ್ವ ಇದೆಯೇ ಎಂಬುದು ಇನ್ನೊಂದು. ಯಾವ ಸರ್ಕಾರಿ ಪಟ್ಟಿಯಲ್ಲೂ ನಾನು ಕಾಣಬಯಸುವ ಪ್ರಶ್ನೆಗಳಿವು.

ಪರೀಕ್ಷಕರಿಲ್ಲದೆ ಮತದಿಂದಲೇ ನಡೆಯುವ ‘ಜಗತ್ತಿನ 50 ಅತ್ಯುತ್ತಮ ಹೋಟೆಲುಗಳು’ ಎಂಬ ಪಟ್ಟಿಯೂ ಇದೆ. 2023ರಲ್ಲಿ ಅದು ಮೊದಲ ಬಾರಿ ಬಂದಾಗ ಅಗ್ರಸ್ಥಾನ ಯಾವ ಗಗನಚುಂಬಿಗೂ ಸಿಗಲಿಲ್ಲ. ಇಟಲಿಯ ಕೋಮೊ ಸರೋವರದ ದಂಡೆಯ ಪಸ್ಸಲಾಕ್ವಾ ಎಂಬ 24 ಕೋಣೆಗಳ ಹಳೆಯ ಬಂಗಲೆಗೆ ಸಿಕ್ಕಿತು.

ಐಷಾರಾಮ ಎಂಬುದು ಸ್ಟಾರ್ ಲೆಕ್ಕವನ್ನು ಎಷ್ಟು ದೂರ ಬಿಟ್ಟು ಹೋಗಬಲ್ಲದು ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಎರಡು ಉದಾಹರಣೆ ಹೇಳಬೇಕು. ಸ್ವೀಡನ್ನಿನ ಉತ್ತರ ತುದಿಯ ಯೂಕಸ್‌ಯಾರ್ವಿ ಹಳ್ಳಿಯಲ್ಲಿ ಪ್ರತಿ ಚಳಿಗಾಲವೂ ಟೋರ್ನೆ ನದಿಯ ಮಂಜುಗಡ್ಡೆ ಕಡಿದು ತಂದು ಒಂದು ಹೋಟೆಲು ಕಟ್ಟುತ್ತಾರೆ. ವಸಂತ ಬಂದಾಗ ಅದು ಕರಗಿ ಮತ್ತೆ ನದಿ ಸೇರುತ್ತದೆ. ಕೋಣೆಯೊಳಗಿನ ಉಷ್ಣತೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ಮಂಜುಗಡ್ಡೆಯ ಮಂಚ, ಹಿಮಸಾರಂಗದ ಚರ್ಮದ ಹಾಸು, ಮೇಲೆ ದಪ್ಪ ಮಲಗುವ ಚೀಲ. ಶೌಚಾಲಯಕ್ಕೆ ಎದ್ದು ಪಕ್ಕದ ಬೆಚ್ಚಗಿನ ಕಟ್ಟಡಕ್ಕೆ ಹೋಗಬೇಕು. ಎರಡನೆಯದು ವೆನಿಸ್ ಸಿಂಪ್ಲಾನ್ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು. 1920ರ ದಶಕದ ಬೋಗಿಗಳನ್ನು ಹುಡುಕಿ ತಂದು, ಹೊಳಪು ಕೊಟ್ಟು 1982ರಲ್ಲಿ ಮತ್ತೆ ಓಡಿಸಿದ ರೈಲಿದು. ಅದರ ಹಳೆಯ ಮಾದರಿಯ ಕೋಣೆಗಳಲ್ಲಿ ಕೈ ತೊಳೆಯುವ ಬೇಸಿನ್ ಇದೆ, ಸ್ನಾನದ ಅನುಕೂಲವಿಲ್ಲ, ಶೌಚಾಲಯ ಬೋಗಿಯ ಕೊನೆಯಲ್ಲಿ. ಸ್ಟಾರ್ ಪಟ್ಟಿ ಹಿಡಿದು ನಿಂತರೆ ಎರಡೂ ನಾಪಾಸು. ಆದರೂ ಜನ ಇವುಗಳಿಗಾಗಿ ಕೂಡಿಟ್ಟ ಹಣ ಖರ್ಚು ಮಾಡಿ, ಆಮೇಲೆ ವರ್ಷಗಟ್ಟಲೆ ಅದೇ ಮಾತಾಡುತ್ತಾರೆ. ಬೆಳಿಗ್ಗೆ ಕಿಟಕಿಯಾಚೆ ಆಲ್ಪ್ಸ್ ಕಂಡಾಗ ಬೋಗಿಯ ಕೊನೆಗೆ ನಡೆದ ಹತ್ತು ಹೆಜ್ಜೆ ಯಾರಿಗೂ ನೆನಪಿರುವುದಿಲ್ಲ.

ಇನ್ನು ನಿಮಗೆ ಉಪಯೋಗಕ್ಕೆ ಬರುವ ಮಾತು. ಬುಕಿಂಗ್ ತಾಣದಲ್ಲಿ ಹೋಟೆಲಿನ ಹೆಸರಿನ ಪಕ್ಕ ಕಾಣುವ ನಕ್ಷತ್ರ ಹಲವು ಸಲ ಹೋಟೆಲಿನವರೇ ತುಂಬಿಕೊಟ್ಟ ವಿವರ. ಅದರ ಕೆಳಗಿನ ಹತ್ತಕ್ಕೆ ಒಂಬತ್ತು ಎಂಬಂಥ ಅಂಕ ತಂಗಿದವರು ಕೊಟ್ಟದ್ದು, ಅದು ಬೇರೆಯೇ ಲೆಕ್ಕ. ಅತಿಥಿಗಳು ತಾವು ನಿರೀಕ್ಷಿಸಿದ್ದಕ್ಕೆ ಹೋಲಿಸಿ ಅಂಕ ಹಾಕುತ್ತಾರೆ. ಹಾಗಾಗಿ ಮೂರು ಸ್ಟಾರಿನ ಅಚ್ಚುಕಟ್ಟು ಹೋಟೆಲು ಐದು ಸ್ಟಾರಿನದಕ್ಕಿಂತ ಹೆಚ್ಚು ಅಂಕ ಪಡೆದರೆ ಅಚ್ಚರಿಯಿಲ್ಲ. ಎರಡನ್ನೂ ಬೆರೆಸಿ ಓದಬೇಡಿ. ಸ್ಟಾರ್ ಕೊಟ್ಟವರು ಯಾರು, ಯಾವ ವರ್ಷ ಎಂದು ನೋಡಿ. ಫ್ರಾನ್ಸ್‌ನಲ್ಲಿ ದರ್ಜೆಗೆ ಐದು ವರ್ಷದ ಅವಧಿ ಇದೆ, ಆಮೇಲೆ ಮತ್ತೆ ಪರೀಕ್ಷೆ. ಎಲ್ಲ ಕಡೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಕೋಣೆಗಳನ್ನು ಕೊನೆಯ ಸಲ ನವೀಕರಿಸಿದ್ದು ಯಾವಾಗ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎಷ್ಟು ಕೋಣೆಗೆ ಎಷ್ಟು ಸಿಬ್ಬಂದಿ ಎಂಬುದೂ ಬಹಳ ಹೇಳುತ್ತದೆ.

ಸ್ವಾಗತ ಕೊಠಡಿಯಲ್ಲಿ ಕೋಟಿನ ಎರಡೂ ಮಡಿಕೆಗಳ ಮೇಲೆ ಅಡ್ಡಡ್ಡಲಾಗಿ ಇಟ್ಟ ಚಿನ್ನದ ಬಣ್ಣದ ಕೀಲಿಗಳನ್ನು ಧರಿಸಿದ ಕನ್ಸಿಯರ್ಜ್, ಎಂದರೆ ಅತಿಥಿಗಳ ಬೇಕುಬೇಡ ನೋಡಿಕೊಳ್ಳುವ ಸಿಬ್ಬಂದಿ, ಕಂಡರೆ ಒಳ್ಳೆಯ ಲಕ್ಷಣ. ಅದು 1929ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಕ್ಲೆ ದೋರ್ ಎಂಬ ವೃತ್ತಿಸಂಘದ ಗುರುತು. ಹಣ ಕೊಟ್ಟರೆ ಹೋಟೆಲಿಗೆ ಸಿಗುವಂಥದ್ದಲ್ಲ, ವರ್ಷಗಳ ಅನುಭವಕ್ಕೆ ಆ ವ್ಯಕ್ತಿಗೆ ಸಿಗುವಂಥದ್ದು.

ಇನ್ನೂ ಅನುಮಾನವಿದ್ದರೆ ಬುಕ್ ಮಾಡುವ ಮೊದಲು ಹೋಟೆಲಿಗೆ ನೇರವಾಗಿ ಒಂದು ಇ-ಮೇಲ್ ಬರೆಯಿರಿ. ಸ್ವಲ್ಪ ತೊಡಕಿನದನ್ನೇ ಕೇಳಿ: ನಮ್ಮ ಜೊತೆ ವಯಸ್ಸಾದ ತಾಯಿ ಇದ್ದಾರೆ, ರೈಲು ಬೆಳಗಿನ ಜಾವಕ್ಕೆ ಬರುತ್ತದೆ, ಕೋಣೆ ಸಿಗುವವರೆಗೆ ಅವರನ್ನು ಎಲ್ಲಿ ಕೂರಿಸುವುದು? ಕೆಲವು ಕಡೆಯಿಂದ ಚೆಕ್-ಇನ್ ಮಧ್ಯಾಹ್ನ 3 ಗಂಟೆಗೆ ಎಂಬ ಸಿದ್ಧ ವಾಕ್ಯ ಬರುತ್ತದೆ. ಕೆಲವು ಕಡೆಯಿಂದ ಕೆಳಗೆ ಹೆಸರಿರುವ ಒಂದು ಉತ್ತರ ಬರುತ್ತದೆ, ಅದರಲ್ಲಿ ನಿಮಗೇ ಒಂದೆರಡು ಪ್ರಶ್ನೆ ಇರುತ್ತವೆ: ಅಮ್ಮನವರಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೇ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಸರಳು ಬೇಕೇ, ನಿಲ್ದಾಣಕ್ಕೆ ಯಾರನ್ನಾದರೂ ಕಳಿಸಲೇ?