ಮಕ್ಕಳು ಕೈಬೀಸಿದ ವಿಮಾನ

ಇಂಗ್ಲೆಂಡಿನ ಶೆಫೀಲ್ಡ್ ನಗರದ ಎಂಡ್‌ಕ್ಲಿಫ್ ಪಾರ್ಕಿನಲ್ಲಿ, ಕೆಫೆಯ ಹಿಂದೆ, ಮರ ತುಂಬಿದ ಕಡಿದಾದ ದಿಣ್ಣೆಯೊಂದಿದೆ. ಅಲ್ಲೊಂದು ಬಂಡೆಗಲ್ಲು, ಅದರ ಮೇಲೆ ಫಲಕ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರ ಫೆಬ್ರುವರಿ 22ರ ಸಂಜೆ, ಅಮೆರಿಕದ ಬಿ-17 ಬಾಂಬರ್ ಈ ದಿಣ್ಣೆಗೇ ಅಪ್ಪಳಿಸಿತು. ಅದರಲ್ಲಿದ್ದ 10 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ಹೆಸರು ‘ಮಿ ಅಮಿಗೊ’, ಸ್ಪ್ಯಾನಿಷ್‌ನಲ್ಲಿ ‘ನನ್ನ ಗೆಳೆಯ’.

ಅದು ಹೊರಟಿದ್ದು ನಾರ್ಥಾಂಪ್ಟನ್‌ಶೈರಿನ ಚೆಲ್ವೆಸ್ಟನ್ ನೆಲೆಯಿಂದ. ಗುರಿ, ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿದ್ದ ಜರ್ಮನ್ ವಾಯುನೆಲೆ. ಮೋಡ ಕವಿದು ಗುರಿ ಕಾಣದೆ ದಾಳಿ ಕೈಬಿಟ್ಟಾಯಿತು. ಅಷ್ಟರಲ್ಲಿ ಜರ್ಮನ್ ಫೈಟರ್‌ಗಳು ಮೇಲೆರಗಿದ್ದವು. ಏಟು ತಿಂದ ವಿಮಾನ ಹೇಗೋ ಉತ್ತರ ಸಮುದ್ರ ದಾಟಿ ಬಂತು. ಆದರೆ ನೆಲೆ ಇನ್ನೂ ದೂರವಿತ್ತು, ಕೆಳಗಿದ್ದದ್ದು ಉಕ್ಕಿನ ಕಾರ್ಖಾನೆಗಳ ಊರು, ಸಾಲು ಸಾಲು ಮನೆ. ನಡುವೆ ಬಯಲೆಂದರೆ ಈ ಪಾರ್ಕಿನ ಹುಲ್ಲುಹಾಸು ಮಾತ್ರ.

ಊರಿನ ಕಥೆ ಶುರುವಾಗುವುದು ಇಲ್ಲಿ. ಹುಲ್ಲಿನ ಮೇಲೆ ಮಕ್ಕಳು ಆಡುತ್ತಿದ್ದರು, ಅವರನ್ನು ಉಳಿಸಲೆಂದೇ ಪೈಲಟ್ ಜಾನ್ ಕ್ರೀಗ್ಸ್‌ಹೌಸರ್ ವಿಮಾನವನ್ನು ದಿಣ್ಣೆಯತ್ತ ತಿರುಗಿಸಿದ ಎನ್ನುತ್ತಾರೆ. ಕಾಕ್‌ಪಿಟ್‌ನಲ್ಲಿ ನಡೆದದ್ದನ್ನು ಹೇಳಲು ಯಾರೂ ಬದುಕಿರಲಿಲ್ಲ. ಇದು ನೆಲದ ಮೇಲೆ ನಿಂತು ನೋಡಿದವರ ನಂಬಿಕೆ. ನಂಬಿಕೆ ಎಂದೊಡನೆ ಹಗುರವೆಂದಲ್ಲ. ಒಬ್ಬ ಹುಡುಗ ಅದನ್ನು ಜೀವಮಾನವಿಡೀ ಹೊತ್ತ.

ಕಲ್ಲು ಮಾತ್ರ ತಡವಾಗಿ ಬಂತು. ಊರಿಗೆ ತನ್ನದೇ ದುಃಖವಿತ್ತು: 1940ರ ಡಿಸೆಂಬರಿನ ಜರ್ಮನ್ ಬಾಂಬಿಂಗ್‌ನಲ್ಲೇ ಶೆಫೀಲ್ಡ್ 600ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಸತ್ತ ಅಮೆರಿಕನ್ನರ ಮನೆಯವರೋ ಅಟ್ಲಾಂಟಿಕ್‌ನ ಆಚೆ. ಅವರಿಗಾಗಿ ಇಲ್ಲಿ ಓಡಾಡುವವರು ಯಾರು? ಕೊನೆಗೆ 1969ರಲ್ಲಿ, ಅಂದರೆ 25 ವರ್ಷದ ಮೇಲೆ, ಬ್ರಿಟಿಷ್ ವಾಯುಪಡೆಯವರ ಸ್ಥಳೀಯ ಸಂಘ ಫಲಕ ಹಾಕಿಸಿತು. ತಲೆಗೊಂದರಂತೆ 10 ಅಮೆರಿಕನ್ ಓಕ್ ಮರಗಳನ್ನೂ ನೆಟ್ಟರು. ಅಲ್ಲಿಂದೀಚೆಗೆ ಫೆಬ್ರುವರಿ 22ರ ಆಸುಪಾಸಿನ ಭಾನುವಾರ ಪ್ರಾರ್ಥನೆ ನಡೆಯುತ್ತದೆ. ಊರವರಿಗೆ ಗೊತ್ತಿತ್ತು, ಹೊರಗಿನವರಿಗೆ ಅಷ್ಟಾಗಿ ಇಲ್ಲ.

2019ರ ಜನವರಿಯಲ್ಲಿ ಬಿಬಿಸಿ ಟಿವಿಯ ನಿರೂಪಕ ಡ್ಯಾನ್ ವಾಕರ್ ನಾಯಿ ಸುತ್ತಾಡಿಸಲು ಪಾರ್ಕಿಗೆ ಹೋದಾಗ, 82 ವರ್ಷದ ಟೋನಿ ಫೌಲ್ಡ್ಸ್ ಸ್ಮಾರಕದ ಸುತ್ತ ಗುಡಿಸಿ ಚೊಕ್ಕಟ ಮಾಡುತ್ತಿದ್ದರು. ಆ ಸಂಜೆ ಆಡುತ್ತಿದ್ದ ಹುಡುಗರಲ್ಲಿ ತಾನೂ ಒಬ್ಬ ಎಂದರು. ಪೈಲಟ್ ಕೈಬೀಸಿದಾಗ ಹುಡುಗರೂ ಖುಷಿಯಿಂದ ಕೈಬೀಸಿದರಂತೆ. ಅದು ‘ಪಕ್ಕಕ್ಕೆ ಓಡಿ’ ಎಂಬ ಸನ್ನೆ ಎಂದು ಹೊಳೆದದ್ದು ಆಮೇಲೆ. ಇವರು ನಮ್ಮಿಂದ ಸತ್ತರು ಎಂಬ ಕೊರಗು ಅವರನ್ನು ಬಿಟ್ಟಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ: ಈ ಹತ್ತು ಜನರಿಗಾಗಿ ಒಮ್ಮೆ ವಿಮಾನಗಳು ಪಾರ್ಕಿನ ಮೇಲೆ ಹಾರಬೇಕು.

ವಾಕರ್ ಟ್ವಿಟರ್‌ನಲ್ಲಿ ಕೇಳಿಯೇ ಬಿಟ್ಟರು. ಕೆಲವೇ ವಾರಗಳಲ್ಲಿ ಎರಡೂ ದೇಶಗಳ ವಾಯುಪಡೆಗಳು ಒಪ್ಪಿದವು. 75ನೇ ವರ್ಷದ ದಿನ, ಫೆಬ್ರುವರಿ 22ರ ಬೆಳಿಗ್ಗೆ, ಸಾವಿರಾರು ಜನ ಸೇರಿದ ಅದೇ ಹುಲ್ಲುಹಾಸಿನ ಮೇಲೆ ಎಫ್-15, ಟೈಫೂನ್, ಯುದ್ಧಕಾಲದ ಡಕೋಟಾ ಹಾದುಹೋದವು. ಫೌಲ್ಡ್ಸ್ ತಲೆಯೆತ್ತಿ ನೋಡುತ್ತ ಅತ್ತರು.